ಅರಸೀಕೆರೆಯಲ್ಲಿ ಹನ್ನೆರಡು ನಿಮಿಷ

ಇಸಿಜಿ ಕಾಗದದ ಹಿಂಬದಿಯಲ್ಲಿ
ದಾರಿ ಬರೆದೆವು, ನಾನೂ ಫ್ಲೇವಿಯಾಳೂ,
ಕೊನೆಯ ರೋಗಿ ಅಂಗಿಯ ಗುಂಡಿ ಹಾಕಿಕೊಂಡು ಹೋದಮೇಲೆ.
ಅಷ್ಟುದ್ದದ ಕಾಗದ ಬೇರೆಲ್ಲಿ ಸಿಗುತ್ತದೆ?
ಎಡತುದಿಗೆ ಹಾಸನ, ಬಲತುದಿಗೂ ಹಾಸನ,
ನಡುವೆ ಒಂದು ರಾತ್ರಿ.

ಮೊದಲು ರೈಲು.
ಅರಸೀಕೆರೆಯಲ್ಲಿ ಇಳಿದು, ಇನ್ನೊಂದು ಹತ್ತಿ, ಕಡೂರು.
ಅಲ್ಲಿಂದ ಮುಂದೆ ನಮ್ಮದೇ ಕಾಲು.
ಎರಡು ರೈಲಿನ ನಡುವೆ ಹನ್ನೆರಡು ನಿಮಿಷ,
ಅದೂ ಮೊದಲನೆಯದು ಹೇಳಿದ ಹೊತ್ತಿಗೆ ಬಂದರೆ.
"ಬರುತ್ತಾ?" ಅಂದೆ.
"ನಿನ್ನ ಡಾಕ್ಟರು ಬರ್ತಾರಾ?" ಅಂದಳು.

ಪಾರ್ಸೆಲ್ ಕಿಟಕಿಯ ಗುಮಾಸ್ತ ಕನ್ನಡಕ ಏರಿಸಿ
ನಮ್ಮನ್ನು ನೋಡಿದ, ಆಮೇಲೆ ಸೈಕಲ್ಲುಗಳನ್ನು.
"ಯಾರದು?"
"ನಮ್ಮದೇ."
"ಓಡಿಸೋರು?"
"ನಾವೇ."
"ಹಾಗೇ ತಂದರೆ ಸೈಕಲ್ಲು,
ಬಿಚ್ಚಿ ಗೋಣಿಯಲ್ಲಿ ಕಟ್ಟಿದರೆ ಗಂಟು.
ಗಂಟಿಗೆ ನನ್ನನ್ನು ಯಾಕೆ ಕೇಳಬೇಕು?" ಎಂದು
ಟೀ ಕುಡಿಯಲು ಎದ್ದು ಹೋದ.
ಒಳ್ಳೆಯ ಮನುಷ್ಯ.

ಸಂತೆಪೇಟೆಯಲ್ಲಿ ಎರಡು ಗೋಣಿ, ಮೂವತ್ತು ರೂಪಾಯಿ,
ಆಲೂಗೆಡ್ಡೆಯ ಮಣ್ಣು ಇನ್ನೂ ಉದುರುತ್ತಿತ್ತು.
ಚಕ್ರ ಕಳಚುವುದು ನಾನು, ಪೆಡಲು ಅವಳು.
ಆಸ್ಪತ್ರೆಯ ಹಿಂದಿನ ಮೆಟ್ಟಿಲಲ್ಲಿ, ಶವಾಗಾರದ ಪಕ್ಕ,
ಹೊತ್ತು ಹತ್ತಿದೆವು, ಹೊತ್ತು ಇಳಿದೆವು.
ಕಾವಲಿನ ಹುಚ್ಚೇಗೌಡ ಗಡಿಯಾರ ಹಿಡಿದು
"ಮೂರು ನಿಮಿಷ ನಲವತ್ತು" ಎಂದ.
ಸ್ವಲ್ಪ ಹೊತ್ತು ಬಿಟ್ಟು,
"ಏನು ಕದ್ದಿದ್ದೀರಿ?" ಎಂದೂ ಕೇಳಿದ.

ಅರಸೀಕೆರೆಯ ಮೇಲ್ಸೇತುವೆಗೆ ಎಷ್ಟು ಮೆಟ್ಟಿಲು?
ಅಲ್ಲಿ ವಡೆ ಮಾರುವ ರಹಮತ್ತು
ಫ್ಲೇವಿಯಾಳ ವಾರ್ಡಿನಲ್ಲಿ ಹನ್ನೊಂದು ದಿನ ಮಲಗಿದ್ದವನು.
ಫೋನು ಮಾಡಿದೆವು. ಎಣಿಸಿ ತಿರುಗಿ ಮಾಡಿದ:
"ಹತ್ತುವಾಗ ಐವತ್ನಾಲ್ಕು, ಇಳಿವಾಗ ಐವತ್ತೆರಡು, ಸಿಸ್ಟರ್."
"ಅದು ಹೇಗೋ?"
"ನಡುವೆ ಎರಡು ವಡೆ ಮಾರಿದೆ."

ಸ್ಟ್ರೆಚರಿನ ಹರಿದ ಬೆಲ್ಟಿನಿಂದ
ಹಾಸಿಗೆ ಸುತ್ತಿ ಹ್ಯಾಂಡಲಿಗೆ ಬಿಗಿದಾಯಿತು.
ಹುಚ್ಚೆಳ್ಳು ಚಟ್ನಿಪುಡಿ ಅವಳ ಡಬ್ಬಿ, ಪಂಕ್ಚರಿನ ಗಮ್ಮು ನನ್ನ ಡಬ್ಬಿ,
ಎರಡೂ ಒಂದೇ ಥರದ ಡಬ್ಬಿ,
ಅದೊಂದು ಬದಲಾಯಿಸಬೇಕು.

ಅಯ್ಯನಕೆರೆಯ ಏರಿಗೆ ಕತ್ತಲಾಗುವ ಮೊದಲು ಮುಟ್ಟಬೇಕು.
ನೀರಗಂಟಿ ತಿಪ್ಪೇಶಿಯ ಹೆಂಡತಿ ಫೋನಿನಲ್ಲಿ,
"ಜಗಲಿ ಐತೆ, ನಾಯಿ ಐತೆ. ಗಂಡಸರು ಯಾರೂ ಬರಲ್ವಾ?"
"ಇಲ್ಲ."
ಅತ್ತ ಕಡೆ ಮಾತಿಲ್ಲ, ಕರು ಕೂಗುವುದು ಮಾತ್ರ.
ಆಮೇಲೆ, "ಸರಿ. ಹಂಗಾದ್ರೆ ನಾನೂ ಹೊರಗೇ ಮಲಗ್ತೀನಿ."

ಮರುದಿನದ ಏರು ಇಳಿವನ್ನು
ಫ್ಲೇವಿಯಾ ಪೆನ್ಸಿಲಿನಲ್ಲಿ ಎಳೆದಳು:
ಶಕುನಗಿರಿಯ ಬುಡ, ಚಿಕ್ಕಮಗಳೂರಿನ ಉಸಿರು ಕಟ್ಟುವ ಏರು,
ಬೇಲೂರಿನ ಕಡೆಗೆ ಜಾರು.
ಬೇಲೂರಿಗೆ ರೈಲು ಬರುತ್ತದೆಂದು
ಅಪ್ಪನ ಕಾಲದಿಂದ ಕೇಳಿದ್ದೇನೆ, ಬಂದಾಗ ನೋಡೋಣ,
ಅಲ್ಲಿಯವರೆಗೆ ತುಳಿ.

ಕಾಗದ ತಿರುವಿದೆ. ಮುಂಬದಿಯಲ್ಲಿ ಯಾರದೋ ಎದೆ,
ಹೆಸರಿನ ತುದಿ ಹರಿದುಹೋಗಿದೆ.
ಬೆಳಕಿಗೆ ಹಿಡಿದರೆ
ಅವನ ಬೆಟ್ಟಗಳ ಮೇಲೆ ನಮ್ಮ ಬೆಟ್ಟ.
ಸರಿಯಾಗಿ ಅರಸೀಕೆರೆಯ ಹತ್ತಿರ
ಅವನಿಗೆ ಒಂದು ಬಡಿತ ತಪ್ಪಿದೆ.
"ಆಮೇಲೆ?" ಎಂದು ಫ್ಲೇವಿಯಾ ಬಾಗಿದಳು.
ಬೆರಳಿಟ್ಟು ತೋರಿಸಿದೆ:
ತಡವಾಗಿ, ಆದರೆ ಬಂದಿದೆ ಇನ್ನೊಂದು.

ಉಳಿದದ್ದು ಒಂದೇ ಖಾನೆ, ಏಳರಿಂದ ಐದು.
ಹದಿನಾಲ್ಕು ವರ್ಷ ರಾತ್ರಿಪಾಳಿ ಮಾಡಿದವರು ನಾವು,
ಬೇರೆಯವರ ನಿದ್ದೆ ಕಾದವರು.
"ಏನು ಬರೀಲಿ, ಚೂಡಾ?"
"ಮಲಗೋದು ಅಂತ ಬರಿ."
"ನಿದ್ದೆ ಬರದಿದ್ರೆ?"
ಗಾಳಿ ಇತ್ತ ಬೀಸಿದರೆ ಕಡೂರಿನ ಗೂಡ್ಸು ಕೇಳಿಸುತ್ತದಂತೆ,
ಎಷ್ಟು ಡಬ್ಬಿ ಎಂದು ಎಣಿಸಬಹುದು.
ಅವಳು ಬರೆಯಲಿಲ್ಲ. ಪೆನ್ಸಿಲಿನ ತುದಿ ಕಚ್ಚುತ್ತ
ಆ ಖಾನೆಯನ್ನೇ ನೋಡುತ್ತ ಕುಳಿತಳು,
ಅದರಲ್ಲಿ ಆಗಲೇ ನೀರು ಇರುವ ಹಾಗೆ.

ಶನಿವಾರದ ಡ್ಯೂಟಿ
ಇನ್ನೂ ಯಾರೂ ಬದಲಿಸಿಕೊಂಡಿಲ್ಲ.